ಖಮರಮ್ಮನ ಹಿತ್ತಲು, ಗೇಟಿನ ಪಕ್ಕದ ಮರಳು

ನಾನು ಮೊದಲ ಸಲ ಖಮರಮ್ಮನ ಮನೆಗೆ ಹೋದ ದಿನ ಗೇಟಿನ ಪಕ್ಕ ಒಂದು ಟ್ರ್ಯಾಕ್ಟರ್ ಮರಳು ಬಂದು ಬಿದ್ದಿತ್ತು. ಹಿತ್ತಲಿಗೆ ಸಿಮೆಂಟು ಹಾಕಿಸಲು ಅವರ ಮಗ ತರಿಸಿದ್ದು. ಗುಂಡ್ಲುಪೇಟೆಯ ಒಂದು ಸಣ್ಣ ಬೀದಿ. ಮನೆಯ ಹಿಂದೆ ಒಂದು ಕರಿಬೇವಿನ ಮರ, ಅರೆಜೀವದ ಒಂದು ನಿಂಬೆ ಗಿಡ, ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ಕೂರಲು ಇನ್ನೊಂದು ಸಣ್ಣ ಕಲ್ಲು. ಇಷ್ಟೇ ಆ ಹಿತ್ತಲು. ಖಮರಮ್ಮ ನನ್ನ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದರು: "ಈ ಮನೇಲಿ ಮಣ್ಣು ಕಾಣೋದು ಇದೊಂದೇ ಕಡೆ ಅಮ್ಮಣ್ಣಿ. ಇದನ್ನೂ ಮುಚ್ಚಿಬಿಟ್ರೆ ಬೆಳಿಗ್ಗೆ ಎದ್ದು ನಾನು ಎಲ್ಲಿ ಹೋಗಿ ನಿಂತ್ಕೊಳ್ಳಲಿ?"

ಅವರು ಹಾಗೆ ಕೇಳಿದ ಮೇಲೆ ನನಗೆ ಆ ಹಿತ್ತಲು ಉಳಿಸದೆ ಬೇರೆ ದಾರಿ ಇರಲಿಲ್ಲ.

ನಾನು ಕುದೇರಿನವಳು. ಹೆಸರು ದೇವಮ್ಮಣ್ಣಿ. ಎಲ್ಲರ ಬಾಯಲ್ಲೂ ಅಮ್ಮಣ್ಣಿ. ಚಾಮರಾಜನಗರದ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿದ್ದುಕೊಂಡು ಮನೆಮನೆಗೆ ಹೋಗಿ ಕೈತೋಟ ಮಾಡಿಸುವುದು ನನ್ನ ಕೆಲಸವಾಗಿತ್ತು. ಇಪ್ಪತ್ತೈದು ವರ್ಷದ ಮೇಲೆ ಮಾಡಿ, ಮಂಡಿ ಇನ್ನು ಸಾಕು ಅಂದ ಮೇಲೆ ಬಿಟ್ಟೆ. ಈಗ ಅದೇ ಕೆಲಸಕ್ಕೆ ಸೇರಿರುವ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. "ಟ್ರೈನಿಂಗ್‌ನಲ್ಲಿ ಹೇಳದೇ ಇರೋದು ಏನಾದ್ರೂ ಇದ್ರೆ ಹೇಳಿ ಆಂಟಿ" ಅಂದರು. ಹೇಳಲು ಕೂತೆ. ಪಾಪ, ಎರಡು ಬಸ್ಸು ತಪ್ಪಿಸಿಕೊಂಡರು. ಅದಕ್ಕೇ ಈಗ ಬರೆದಿಡುತ್ತಿದ್ದೇನೆ, ಪುರಸೊತ್ತಿದ್ದಾಗ ಓದಿಕೊಳ್ಳಲಿ. ಯಾವ ವರ್ಷ ಯಾವ ಹುದ್ದೆ ಕೊಟ್ಟರು, ಯಾರು ಶಾಲು ಹೊದಿಸಿದರು ಎಂಬುದು ಯಾರಿಗೆ ಬೇಕು? ನಾನು ಮಾಡಿದ ತಪ್ಪುಗಳನ್ನು ಬರೆದರೆ ಅವರಿಗೆ ಉಪಯೋಗಕ್ಕೆ ಬಂದೀತು.

ಖಮರಮ್ಮನ ಹಿತ್ತಲಲ್ಲಿ ಹಾರೆ ಹಿಡಿಯುವ ಮುಂಚೆ ಒಂದು ಗಳಿಗೆ ಉಮ್ಮತ್ತೂರಿಗೆ ಹೋಗಿಬರಬೇಕು. ನನ್ನ ಮೊದಲ ಪಾಠ ಆದದ್ದು ಅಲ್ಲಿ.

ಕೆಲಸಕ್ಕೆ ಸೇರಿದ ಹೊಸತು. ಆಗಿನ ಪದ್ಧತಿ ಏನೆಂದರೆ, ಹಿತ್ತಲನ್ನು ಪೂರ್ತಿ ಅಗೆದು, ಹಸನು ಮಾಡಿ, ಮಡಿ ಕಟ್ಟಿ, ಸಂಸ್ಥೆಯಿಂದ ಕೊಟ್ಟ ಹನ್ನೆರಡು ಬಗೆಯ ಬೀಜದ ಪೊಟ್ಟಣ ಬಿತ್ತುವುದು. ಅದರಲ್ಲಿ ಬೀಟ್‌ರೂಟೂ ಇರುತ್ತಿತ್ತು, ಎಲೆಕೋಸೂ ಇರುತ್ತಿತ್ತು. ಉಮ್ಮತ್ತೂರಿನಲ್ಲಿ ಸಿದ್ದಮ್ಮಜ್ಜಿ ಅಂತ ಒಬ್ಬರ ಮನೆ. ಅಜ್ಜಿ ಸೌದೆಗೆ ಹೋಗಿದ್ದರು. ಸೊಸೆ "ಮಾಡ್ಕಳಿ ಮೇಡಮ್ಮ" ಅಂದಳು. ನನಗೆ ಹುರುಪು. ಅಜ್ಜಿ ಬರುವಷ್ಟರಲ್ಲಿ ಹಿತ್ತಲನ್ನೆಲ್ಲ ಕನ್ನಡಿ ಮಾಡಿಟ್ಟಿದ್ದೆ. ಒಂದು ಹುಲ್ಲುಕಡ್ಡಿ ಉಳಿಸಿರಲಿಲ್ಲ.

ಅಜ್ಜಿ ಸೌದೆ ಹೊರೆ ಇಳಿಸಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ನೋಡಿದರು.

"ಯಾಕವ್ವ, ನಾವು ನಿಂಗೇನ್ ಅನ್ಯಾಯ ಮಾಡಿದ್ದೊ?"

"ಕಳೆ ಕಿತ್ತಿದೀನಿ ಅಜ್ಜಿ."

"ಕಳೆಯಾ? ಅದು ನಮ್ಮ ಇವತ್ತಿನ್ ಸಾರು ಕಣಮ್ಮಿ. ಕಿರಕೀರೆ, ಅಣ್ಣೆ, ಗಣಿಕೆ, ದಗ್ಗಲರಿವೆ, ಎಲ್ಲಾನುವೆ ಬೇರು ಸಮೇತ ಕಿತ್ತಾಕ್ಬುಟ್ಟು ಕಳೆ ಅಂದೀಯಲ್ಲ. ನಿಮ್ಮವ್ವ ನಿಂಗೆ ಬೆರಕೆ ಸೊಪ್ಪು ತಿನ್ನಿಸ್ನಿಲ್ವ?"

ತಿನ್ನಿಸಿದ್ದರು. ನಮ್ಮವ್ವನೂ ತಿನ್ನಿಸಿದ್ದಳು, ನಮ್ಮಜ್ಜಿಯಂತೂ ದಿನಾ ತಿನ್ನಿಸಿದ್ದಳು. ಆ ಸೊಪ್ಪಿನ ಉಪ್ಸಾರು ತಿಂದೇ ನಾನು ಬೆಳೆದದ್ದು. ಆದರೆ ಕೈಗೆ ಬೀಜದ ಪೊಟ್ಟಣ, ಹೆಗಲಿಗೆ ಸಂಸ್ಥೆಯ ಬ್ಯಾಗು ಬಂದ ಮೇಲೆ ಸೊಪ್ಪು ನನ್ನ ಕಣ್ಣಿಗೆ ಕಳೆಯಾಗಿ ಕಂಡಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಜ್ಜಿಯೇ ಮನಸ್ಸು ಕರಗಿ, "ಸರಿ ಬುಡು, ಕಿತ್ತಿರದ್ನ ಮೊರಕ್ಕೆ ತುಂಬ್ಕಂಡ್ ಬಾ, ಸೋಸನ" ಅಂದರು. ಮಧ್ಯಾಹ್ನ ಅವರ ಮನೆಯಲ್ಲೇ ಮುದ್ದೆ ಉಂಡೆ. ಉಣ್ಣುವಾಗ ಅಜ್ಜಿ, "ನಾಳಕ್ಕೆ ಎಲ್ಲಿ ಕಿತ್ತೀಯೆ?" ಅಂತ ಒಂದು ಸಲ ಕೇಳಿದರು. ಅದು ಇವತ್ತಿಗೂ ಕಿವಿಯಲ್ಲಿದೆ.

ಅವತ್ತಿನಿಂದ ನಾನು ಯಾರ ಹಿತ್ತಲಿಗೆ ಹೋದರೂ ಮೊದಲ ದಿನ ಬರಿಗೈಯಲ್ಲಿ ಹೋಗುತ್ತಿದ್ದೆ. ಏನು ಬೇಯಿಸುತ್ತಾರೆ, ಯಾರು ಎಲ್ಲಿ ಕೂರುತ್ತಾರೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಇಷ್ಟು ನೋಡಿಕೊಂಡು ಬರುವುದು. ಹೊಸಬರು ಬೇರೆ ಏನು ಮರೆತರೂ ಇದನ್ನು ಮರೆಯಬಾರದು. ನಾನೇ ಮರೆತು ಏನಾಯಿತು ಅನ್ನುವುದು ಮುಂದೆ ಬರುತ್ತದೆ.

ಆಮೇಲೆ ಪದ್ಧತಿ ಬದಲಾಯಿತು. ಶಿವಸ್ವಾಮಿ ಸಾರ್ ಅಂತ ನಮ್ಮ ಮೇಲಿನವರಾಗಿ ಬಂದರು. ಎತ್ತರದ ಆಳು, ತುಂಬು ತೋಳಿನ ಅಂಗಿ, ಮಾತಿಗೆ ಮುಂಚೆ ನಗು. ಎಲ್ಲೋ ಹೋಗಿ ಪರ್ಮಾಕಲ್ಚರ್ ಕಲಿತು ಬಂದಿದ್ದರು. ನಮಗೆ ಅವರು ಬಿಡಿಸಿ ಹೇಳಿದ್ದು ಹೀಗೆ: ಕಾಡಿಗೆ ಯಾರೂ ಗೊಬ್ಬರ ಹೊರುವುದಿಲ್ಲ, ಯಾರೂ ಅಗೆಯುವುದಿಲ್ಲ, ಆದರೂ ಬೆಳೆಯುತ್ತದೆ. ಹಿತ್ತಲನ್ನೂ ಹಾಗೇ ಮಾಡಬೇಕು. ಮೇಲೆ ನುಗ್ಗೆ, ಅದರ ಕೆಳಗೆ ಬಾಳೆ, ಬಾಳೆಯ ನೆರಳಲ್ಲಿ ಅರಿಸಿನ, ಕೆಸು, ಗೋಡೆಗೆ ಬಸಳೆ ಬಳ್ಳಿ, ನೆಲಕ್ಕೆ ಸೊಪ್ಪು. ಬಿದ್ದ ಎಲೆ ಅಲ್ಲೇ ಕೊಳೆಯಲಿ. ಔಷಧಿ ಇಲ್ಲ, ಅಂಗಡಿ ಗೊಬ್ಬರ ಇಲ್ಲ. "ಮಣ್ಣು ಬೆತ್ತಲೆ ಇರಬಾರದು" ಅನ್ನುವುದು ಅವರ ಮಂತ್ರ. ಯಾವ ಹಿತ್ತಲಿಗೆ ಬಂದರೂ ಮೊದಲು ಬಗ್ಗಿ ನೆಲಕ್ಕೆ ಹೊದಿಕೆ ಇದೆಯೋ ಇಲ್ಲವೋ ನೋಡುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಕ್ಕರೂ, ಹೇಳಿದ್ದನ್ನು ಮಾಡುತ್ತಿದ್ದೆವು, ಯಾಕೆಂದರೆ ಮಾಡಿದ ಕಡೆ ಮಣ್ಣು ಕಪ್ಪಾಗಿ ಎರೆಹುಳ ಬರುತ್ತಿತ್ತು.

ಈಗ ಗುಂಡ್ಲುಪೇಟೆ.

ಖಮರಮ್ಮನ ಯಜಮಾನರು ರಶೀದ್ ಸಾಬರು. ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಕಲಾಯಿ ಕೇಳುವವರು ಇಲ್ಲದಂತಾದ ಮೇಲೆ ಮನೆಯಲ್ಲಿದ್ದರು. ಮದುವೆಯಾದ ಇಬ್ಬರು ಗಂಡುಮಕ್ಕಳಲ್ಲಿ ನಯಾಜ್ ಹಾಸಿಗೆ ಅಂಗಡಿ ಇಟ್ಟಿದ್ದ. ಬೂರುಗದ ಅರಳೆ ತುಂಬಿ ಹಾಸಿಗೆ ದಿಂಬು ಹೊಲಿಯುವ ಕೆಲಸ. ಅಂಗಡಿಯಲ್ಲಿ ಜಾಗ ಸಾಲದೆ ಹಿತ್ತಲಿನ ಮೇಲೆ ಕಣ್ಣು ಬಿದ್ದಿತ್ತು. ಅವನಿಗೆ ಎಲ್ಲವೂ ಹಾಸಿಗೆಯ ಅಳತೆಯಲ್ಲೇ.

"ನೋಡಿ ಅಕ್ಕ, ಸಿಮೆಂಟ್ ಹಾಕಿ ಮೇಲೆ ಶೀಟ್ ಹೊದಿಸಿದ್ರೆ ಇಲ್ಲಿ ಹನ್ನೆರಡು ಡಬಲ್ ಹಾಸಿಗೆ ಹಿಡಿಯುತ್ತೆ. ನಿಮ್ಮ ಸೊಪ್ಪು ಏನು ಹಿಡಿಯುತ್ತೆ?"

"ನಿಮ್ಮಮ್ಮನ್ನ ಹಿಡಿಯುತ್ತಪ್ಪ" ಅಂದೆ.

ಅವನು ತಲೆ ಕೆರೆದುಕೊಂಡ. ಕೆಟ್ಟ ಹುಡುಗ ಅಲ್ಲ. ತಾಯಿಗೆ ಎದುರಾಡಲು ಮನಸ್ಸಿಲ್ಲ, ಜಾಗ ಬಿಡಲೂ ಮನಸ್ಸಿಲ್ಲ. ಕೊನೆಗೆ ಒಂದು ಷರತ್ತು ಹಾಕಿದ. ಆಗ ಗಣೇಶನ ಹಬ್ಬ ಕಳೆದು ವಾರವಾಗಿತ್ತು. ರಂಜಾನ್ ತಿಂಗಳಿಗೆ ಇನ್ನೂ ಚಳಿಗಾಲ ಪೂರ್ತಿ ಕಳೆಯಬೇಕು. ಅಲ್ಲಿಯವರೆಗೆ ಮರಳು ಗೇಟಿನ ಹತ್ತಿರವೇ ಇರಲಿ. ರಂಜಾನ್ ಚಂದ್ರ ಕಂಡಾಗಿನಿಂದ ಒಂದು ವಾರ ಅಮ್ಮ ಸೊಪ್ಪು ಸದೆ ಏನನ್ನೂ ಹೊರಗಿಂದ ತರಿಸಬಾರದು, ಹಿತ್ತಲಲ್ಲಿ ಇರುವುದರಲ್ಲೇ ಅಡಿಗೆ ಆಗಬೇಕು. ಹಾಗೆ ಆದರೆ ಹಿತ್ತಲು ಅಮ್ಮನದು. ಆಗದಿದ್ದರೆ ಹಬ್ಬದ ಮಾರನೆಯ ದಿನ ಗಾರೆಯವರು ಬರುತ್ತಾರೆ.

"ಒಪ್ಕೊಂಡೆ" ಅಂದರು ಖಮರಮ್ಮ, ನನ್ನ ಮುಖ ಕೂಡ ನೋಡದೆ.

ಇಲ್ಲಿ ನಾನು ಮಾಡಿದ ಮೊದಲ ತಪ್ಪು. ದಿನ ಕಡಿಮೆ ಎಂಬ ಆತುರದಲ್ಲಿ ನನ್ನ ಬರಿಗೈ ನಿಯಮ ಬಿಟ್ಟೆ. ಒಗೆಯುವ ಕಲ್ಲಿನ ನೀರು ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಅಂತ ಒಂದು ಕಾಲುವೆ ತೋಡಿ ಮಡಿಗೆ ತಿರುಗಿಸಿಬಿಟ್ಟೆ. ಕುದೇರಿನ ನಮ್ಮ ಮನೆಯಲ್ಲಿ ಬಚ್ಚಲ ನೀರು ಕುಡಿದೇ ಬಾಳೆ ಗೊನೆ ಬಿಡುತ್ತಿತ್ತು. ಆದರೆ ಆಗ ನಮ್ಮಜ್ಜಿ ಸೀಗೆಪುಡಿ ಉಜ್ಜುತ್ತಿದ್ದದ್ದು. ಇಲ್ಲಿ ಆರು ಜನರ ಬಟ್ಟೆ, ಅಷ್ಟಕ್ಕೂ ಸೋಪಿನ ಪುಡಿ. ಮೂರು ವಾರದಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು. ಎದ್ದಿದ್ದ ಸಸಿಗಳು ಹಳದಿಯಾಗಿ ಮಲಗಿದವು.

ನಯಾಜ್ ಬಂದು ನೋಡಿ, "ಮಡಿ ಮಡಿ ಅಂತಿದ್ರಿ. ನಿಜವಾಗ್ಲೂ ಒಗೆದುಬಿಟ್ರಲ್ಲ ಅಕ್ಕ" ಅಂದ.

ಆ ಕಾಲುವೆ ಮುಚ್ಚಿ, ಒಗೆದ ನೀರನ್ನು ಮತ್ತೆ ಮೋರಿಗೇ ಬಿಟ್ಟೆ. ಎರಡನೆಯ ತಪ್ಪು ಇನ್ನೂ ದೊಡ್ಡದು. ಪೇಟೆಯ ಮನೆಯಲ್ಲಿ ನೆಲಕ್ಕೆ ಹೊದಿಸಲು ತರಗು ಎಲ್ಲಿ ತರುವುದು? ನಯಾಜನ ಅಂಗಡಿಯಲ್ಲಿ ಅರಳೆ ಬಿಡಿಸಿದ ಮೇಲೆ ಉಳಿಯುವ ಕಸ ಮೂಟೆ ಮೂಟೆ ಬಿದ್ದಿತ್ತು. ಸಿಪ್ಪೆ, ನಾರು, ಬೀಜ, ಧೂಳು. ಕಂಡಿದ್ದೇ ತಡ, ನನಗೆ ಚಿನ್ನ ಸಿಕ್ಕ ಹಾಗಾಯಿತು. "ಜನಕ್ಕೆ ಹಾಸಿಗೆ ಹಾಕೋನು ಮಣ್ಣಿಗೂ ಒಂದು ಹಾಸಪ್ಪ" ಅಂದೆ. ಅವನು ನಗುತ್ತಾ ಮೂಟೆ ಹೊತ್ತು ತಂದು ಸುರಿದ. ಇಡೀ ಹಿತ್ತಲಿಗೆ ನಾಲ್ಕು ಬೆರಳು ದಪ್ಪ ಹಾಸಿ, ಬಸ್ ಹತ್ತಿ ಖುಷಿಯಾಗಿ ಊರಿಗೆ ಬಂದೆ.

ಮಾರನೆಯ ದಿನ ಗಾಳಿ ಬೀಸಿತು. ಪಕ್ಕದ ಮನೆಯ ರಾಜಮ್ಮ ಅಂಗಳದಲ್ಲಿ ಒಣಮೆಣಸಿನಕಾಯಿ ಹರಡಿದ್ದರು. ನಾನು ಹೋಗುವ ಹೊತ್ತಿಗೆ ಗೋಡೆಯ ಮೇಲಿಂದ ಇಣುಕುತ್ತಾ ನಿಂತಿದ್ದರು.

"ಬನ್ರಮ್ಮ ಬನ್ನಿ. ನಮ್ ಮೆಣಸಿನ್ಕಾಯಿ ಚಳೀಲಿ ನಡುಗ್ತಿದ್ವು, ನೀವು ರಗ್ಗು ಹೊದ್ದಿಸಿಬುಟ್ರಿ. ಈಗ ಬಂದು ಒಂದೊಂದ್ರಿಂದ್ಲೂ ತೆಗ್ದುಕೊಡಿ."

ಖಮರಮ್ಮ, ನಾನು, ರಾಜಮ್ಮ ಮೂವರೂ ಮಧ್ಯಾಹ್ನದವರೆಗೆ ಮೆಣಸಿನಕಾಯಿಯಿಂದ ಅರಳೆ ಹೆಕ್ಕಿದೆವು. ಮೂವರಿಗೂ ಸೀನು. ಆ ಇಬ್ಬರು ಗೋಡೆಯಾಚೆ ಈಚೆ ಇಷ್ಟು ವರ್ಷ ಇದ್ದೂ ಒಟ್ಟಿಗೆ ಕೂತು ಮಾತಾಡಿದ್ದು ಅವತ್ತೇ ಮೊದಲಂತೆ.

ಗಾಳಿ ನಿಂತಿತು, ಹಿಂಗಾರು ಮಳೆ ಬಂತು. ಹತ್ತು ದಿನ ಬಿಟ್ಟು ಹೋದರೆ ಹಿತ್ತಲು ಹಸಿರೋ ಹಸಿರು. ಒಂದು ಅಂಗೈ ಇಡಲು ಜಾಗ ಇಲ್ಲದಂತೆ ಸಸಿ ಎದ್ದಿದೆ. ನಾನು ಬಿತ್ತಿದ್ದು ಯಾವುದೂ ಅಲ್ಲ. ಬಗ್ಗಿ ನೋಡಿದೆ. ಎಲ್ಲವೂ ಬೂರುಗ. ಕಸದಲ್ಲಿದ್ದ ಬೀಜ ಒಂದೂ ಬಿಡದೆ ಮೊಳೆತಿತ್ತು. ಬೂರುಗ ಅಂದರೆ ತೆಂಗಿಗಿಂತ ಎತ್ತರಕ್ಕೆ ಹೋಗುವ ಮರ. ಖಮರಮ್ಮನ ಹಿತ್ತಲಲ್ಲಿ ನಾನು ಒಂದು ಕಾಡನ್ನೇ ಎಬ್ಬಿಸಿದ್ದೆ.

"ಅಕ್ಕ" ಅಂದ ನಯಾಜ್, "ಸೊಪ್ಪು ಬೇಡ ಬಿಡಿ. ಇದು ಬೆಳೀಲಿ. ಇನ್ಮೇಲೆ ಅರಳೆ ಕೊಳ್ಳೋ ತಾಪತ್ರಯ ಇಲ್ಲ."

ಅದೇ ಹೊತ್ತಿಗೆ ಹೊರಗೆ ಜೀಪು ನಿಂತಿತು. ಶಿವಸ್ವಾಮಿ ಸಾರ್ ತಪಾಸಣೆಗೆ ಬಂದಿದ್ದರು. ಸಾರ್ ಹಿತ್ತಲಿಗೆ ಬಂದು, ಅಭ್ಯಾಸದಂತೆ ಬಗ್ಗಿ ನೋಡಿ, ಮುಖ ಅರಳಿಸಿಕೊಂಡು, "ವಾ ಅಮ್ಮಣ್ಣಿಯವರೆ, ಇದು ಹೊದಿಕೆ ಬೆಳೆ ಅಂದ್ರೆ. ಯಾವ ಕಾಳು ಬಿತ್ತಿದ್ರಿ?" ಅಂತ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದರು. ನಾನು "ಊಂ ಸಾರ್" ಅಂದೆ. ನಯಾಜ್ ಕೆಮ್ಮುತ್ತಾ ಒಳಗೆ ಹೋದ. ಮುಂದಿನ ತಿಂಗಳ ಸಭೆಯಲ್ಲಿ ಆ ಫೋಟೊ ಗೋಡೆಯ ಮೇಲೆ ದೊಡ್ಡದಾಗಿ ಮೂಡಿದಾಗ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ನಿಜ ಹೇಳಿದೆ. ಸಾರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಫೋಟೊವನ್ನು ತೆಗೆದುಹಾಕಲಿಲ್ಲ. ಪ್ರತಿ ತರಬೇತಿಯಲ್ಲೂ ತೋರಿಸಿ, "ಇದರಲ್ಲಿ ಎರಡು ತಪ್ಪಿದೆ. ಒಂದು ಅಮ್ಮಣ್ಣಿಯವರದು, ಒಂದು ನನ್ನದು" ಅನ್ನುತ್ತಿದ್ದರು. ಅಂಥ ಮೇಲಿನವರು ಸಿಕ್ಕಿದರೆ ಬಿಡಬೇಡಿ.

ಸಾರ್ ಹೋದ ಮೇಲೆ ನಾನು, ಖಮರಮ್ಮ, ಅವರ ಇಬ್ಬರು ಸೊಸೆಯರು ಕೂತು ಸಸಿಗಳನ್ನೆಲ್ಲ ಕಿತ್ತೆವು. ಕಿತ್ತಿದ್ದನ್ನು ಎಸೆಯದೆ ಅಲ್ಲೇ ಹಾಸಿ, ಮೇಲೆ ಹಳೆಯ ಗೋಣಿ ಹೊದಿಸಿದೆವು. ಹೊದಿಕೆಯೇನೋ ಆಯಿತು. ನೀರು? ನಲ್ಲಿ ಬರುವುದೇ ಎರಡು ದಿನಕ್ಕೊಮ್ಮೆ. ಮಳೆ ನಿಂತರೆ ಎಲ್ಲ ಒಣಗುತ್ತದೆ. ಕೈ ತೊಳೆದುಕೊಂಡು ಹಿಂಬಾಗಿಲ ಜಗುಲಿಯ ಮೇಲೆ ಕೂತೆ. ನನ್ನಿಂದ ಈ ಹೆಂಗಸಿನ ಹಿತ್ತಲು ಹೋಯಿತು ಅನ್ನಿಸಿಬಿಟ್ಟಿತ್ತು.

ಆಗ ರಶೀದ್ ಸಾಬರು ಸಂಜೆಯ ನಮಾಜಿಗೆ ಎದ್ದರು. ಹಿತ್ತಲ ಮೂಲೆಯ ಆ ಸಣ್ಣ ಕಲ್ಲಿನ ಮೇಲೆ ಕೂತು, ಒಂದು ಚೊಂಬಿನಿಂದ ನಿಧಾನವಾಗಿ ವಜೂ ಮಾಡಿದರು. ಕೈ, ಬಾಯಿ, ಮುಖ, ಮೊಣಕೈ, ಪಾದ. ನೀರು ಕಲ್ಲಿನಿಂದ ಇಳಿದು, ಗೋಡೆಯ ತೂತಿನಿಂದ ಬೀದಿಯ ಮೋರಿಗೆ ಹೋಯಿತು. ಸೋಪಿಲ್ಲ, ಪುಡಿಯಿಲ್ಲ, ತಿಳಿನೀರು. ನಾನು ಈ ಮನೆಗೆ ಬಂದು ಎರಡು ತಿಂಗಳಾಗಿತ್ತು. ಪ್ರತಿ ಸಲವೂ ಅವರು ಅಲ್ಲಿ ಕೂರುವುದನ್ನು ಕಂಡಿದ್ದೆ, ಆ ನೀರನ್ನು ಕಂಡಿರಲಿಲ್ಲ.

ಕೇಳಲು ಸಂಕೋಚ. ಅವರ ದೇವರ ವಿಷಯ. ಅವರು ನಮಾಜು ಮುಗಿಸಿ ಬಂದ ಮೇಲೆ ಮೆಲ್ಲಗೆ ಕೇಳಿದೆ.

"ಸಾಬರೆ, ತಪ್ಪು ತಿಳ್ಕೋಬೇಡಿ. ಆ ನೀರನ್ನ ಗಿಡಕ್ಕೆ ಬಿಡಬಹುದಾ?"

ಅವರು ಗೋಡೆಯ ತೂತಿನ ಕಡೆ ಕೈ ತೋರಿಸಿದರು. "ಈ ನೀರು ಮೋರೀಗೆ ಹೋಗೋದು ನೋಡಿದಾಗೆಲ್ಲ ನಂಗೆ ಮನಸ್ಸಿಗೆ ಒಂಥರಾ ಆಗೋದಮ್ಮ. ಯಾರಿಗೆ ಹೇಳ್ಲಿ? ಗಿಡಕ್ಕೆ ಹೋಗ್ಲಿ. ಆದ್ರೆ ಒಂದು ಮಾತು, ಅದು ಯಾರ ಕಾಲಿಗೂ ಸಿಗಬಾರ್ದು."

ಆ ಒಂದು ಮಾತೇ ಹಿತ್ತಲಿನ ನಕ್ಷೆಯಾಯಿತು. ಓಡಾಡುವ ದಾರಿ ಎಡಗೋಡೆಗೆ, ನೀರಿನ ದಾರಿ ಬಲಗೋಡೆಗೆ. ರಾಜಮ್ಮ ತಮ್ಮ ಹಳೆ ಮನೆಯ ಒಡಕು ಹೆಂಚು ಕೊಟ್ಟರು. ಅದನ್ನು ಜೋಡಿಸಿ ಸಣ್ಣ ಕಾಲುವೆ ಮಾಡಿದೆವು. ಕಲ್ಲಿನ ಪಕ್ಕದಲ್ಲೇ ಪುದೀನ, ಅದರ ಆಚೆ ಕೊತ್ತಂಬರಿ, ಆಮೇಲೆ ಕೀರೆ, ದಂಟು, ಗೋಡೆಗೆ ಬಸಳೆ, ಕೊನೆಯಲ್ಲಿ ಒಂದು ಗುಂಡಿ ತೋಡಿ ಸುತ್ತಲೂ ಮೂರು ಬಾಳೆ. ಕರಿಬೇವಿನ ನೆರಳಿಗೆ ಅರಿಸಿನ. ಉಮ್ಮತ್ತೂರಿನಿಂದ ಒಂದು ಹಿಡಿ ಬೆರಕೆ ಸೊಪ್ಪಿನ ಬೀಜವನ್ನೂ ತಂದು ಚೆಲ್ಲಿದೆ.

ನಾನು ನೂರಾರು ರೈತರನ್ನು ಕಂಡಿದ್ದೇನೆ. ದಿನಕ್ಕೆ ಐದು ಸಲ, ಒಂದು ದಿನವೂ ತಪ್ಪದೆ, ಹೊತ್ತು ಮೀರದೆ, ಗಿಡ ಕೇಳಿದಷ್ಟೇ ನೀರು ಹಾಯಿಸುವ ರೈತನನ್ನು ರಶೀದ್ ಸಾಬರ ಹೊರತು ಬೇರೆಲ್ಲೂ ಕಾಣಲಿಲ್ಲ. ಆಮೇಲಾಮೇಲೆ ಸೊಸೆಯರೂ ಅದೇ ಕಲ್ಲಿಗೆ ಬಂದರು. ನಯಾಜನೂ ಬಂದ. "ನಿಂಬೆ ಗಿಡ ಚಿಗುರಿದೆ ನೋಡು" ಅಂತ ಅವನ ತಾಯಿ ತೋರಿಸಿದರೆ, "ನಾನೂ ನೋಡಿದೀನಮ್ಮ" ಅನ್ನುತ್ತಿದ್ದ, ಅಷ್ಟೇ.

ಚಳಿಗಾಲ ಕಳೆಯಿತು. ರಂಜಾನ್ ಚಂದ್ರ ಕಂಡಿತು. ಷರತ್ತಿನ ವಾರ ಶುರುವಾಯಿತು. ನಾನು ಫೋನ್ ಮಾಡಿ ವಿಚಾರಿಸುತ್ತಿದ್ದೆ. ದಿನವೂ ಸಂಜೆ ರೋಜಾದ ಉಪವಾಸ ಬಿಡುವ ಹೊತ್ತಿಗೆ ಖಮರಮ್ಮ ದೊಡ್ಡ ಪಾತ್ರೆಯಲ್ಲಿ ಗಂಜಿ ಮಾಡುತ್ತಿದ್ದರು. ಅದಕ್ಕೆ ಪುದೀನ, ಕೊತ್ತಂಬರಿ ಬೀಳಲೇಬೇಕು. ಐದು ದಿನ ಏನೂ ತೊಂದರೆಯಾಗಲಿಲ್ಲ. ಏಳನೆಯ ದಿನ, ಇದೊಂದು ದಿನ ದಾಟಿದರೆ ಗೆದ್ದೆವು ಅಂದುಕೊಂಡು, ನಾನೇ ಮಧ್ಯಾಹ್ನದ ಬಸ್ಸಿಗೆ ಹೋದೆ.

ಹಿತ್ತಲಿಗೆ ಹೋಗಿ ನೋಡಿದರೆ ಪುದೀನದ ಮಡಿಯಲ್ಲಿ ಬರೀ ಕಡ್ಡಿ. ಕೊತ್ತಂಬರಿ ಬುಡಕ್ಕೆ ಕೊಯ್ದಿದೆ.

"ಎಲ್ಲಿ ಹೋಯ್ತು ಖಮರಮ್ಮ?"

"ಹಂಚಿದೆ." ಅವರು ಸೆರಗು ಸರಿ ಮಾಡಿಕೊಂಡರು. "ನಿನ್ನೆ ರಾಜಮ್ಮ ಬಂದ್ರು, ಅವ್ರ ಮನೇಲಿ ನೆಂಟರು. ಎದುರು ಮನೆಯೋರು ಬಂದ್ರು. ಮೂಲೆ ಮನೆಯೋರು ಮಗೂನ ಕಳಿಸಿದ್ರು. ಹಿತ್ತಲಲ್ಲಿ ಬೆಳೆದಿದೆ ಅಂತ ಬೀದಿಗೆಲ್ಲ ಗೊತ್ತು. ರೋಜಾದ ತಿಂಗಳಲ್ಲಿ ಮನೆ ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನಕ್ಕಾಗುತ್ತಾ?"

"ಇನ್ನೊಂದೇ ದಿನ ಇತ್ತಲ್ಲ ತಾಯಿ."

"ಗೊತ್ತು. ಕೊಯ್ಯುವಾಗ್ಲೂ ಗೊತ್ತಿತ್ತು." ಒಳಗೆ ಅಡಿಗೆಮನೆಗೆ ಬಂದೆವು, ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಅವರ ಕಣ್ಣು ತುಂಬಿತ್ತು, ಆದರೆ ಕೊಟ್ಟದ್ದಕ್ಕೆ ಬೇಜಾರು ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

ಅಷ್ಟರಲ್ಲಿ ಸ್ಕೂಟರ್ ಸದ್ದಾಯಿತು. ನಯಾಜ್ ಬಂದ. ಕೈಯಲ್ಲಿ ಒಂದು ಚೀಲ. ಸೀದಾ ಬಂದು ಅಡಿಗೆ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, ಹೊರಡಲು ತಿರುಗಿದ. ಚೀಲದೊಳಗೆ ಪುದೀನ ಎರಡು ಕಟ್ಟು, ಕೊತ್ತಂಬರಿ ಎರಡು ಕಟ್ಟು.

"ಇದೇನಪ್ಪ" ಅಂದೆ. "ಷರತ್ತು?"

"ಏನು ಷರತ್ತು? ಅಮ್ಮ ತರಿಸಬಾರ್ದು ಅಂದಿದ್ದೆ. ಅಮ್ಮ ತರಿಸಿದ್ರಾ?"

"ಇಲ್ಲ."

"ನಾನಾಗೇ ತಂದೆ. ಷರತ್ತು ಎಲ್ಲಿ ಮುರೀತು?" ಅಂದ. ಆಮೇಲೆ ದನಿ ಸಣ್ಣದು ಮಾಡಿ, "ಬೆಳಿಗ್ಗೆ ಅಂಗಡಿಗೆ ಬಂದೋರೆಲ್ಲ, ನಿಮ್ಮ ಮನೆ ಪುದೀನ ಏನು ಘಮ ಅಂತ ಹೇಳಿಹೋದ್ರು ಅಕ್ಕ. ಇಷ್ಟು ವರ್ಷ ಹಾಸಿಗೆ ಮಾಡಿದೀನಿ, ನಿದ್ದೆ ಚೆನ್ನಾಗಿ ಬಂತು ಅಂತ ಒಬ್ರೂ ಬಂದು ಹೇಳಿಲ್ಲ."

ಜಗುಲಿಯಲ್ಲಿ ಕೂತಿದ್ದ ರಶೀದ್ ಸಾಬರು ಸದ್ದಿಲ್ಲದೆ ನಗುತ್ತಿದ್ದರು. ಖಮರಮ್ಮ ಚೀಲ ಹತ್ತಿರಕ್ಕೆ ಎಳೆದುಕೊಂಡರು. ಪುದೀನದ ಕಟ್ಟು ಬಿಚ್ಚಿ, ಎಲೆ ಬಿಡಿಸುತ್ತಾ, ಬೇರಿದ್ದ ನಾಲ್ಕು ಕಡ್ಡಿಗಳನ್ನು ಮಾತ್ರ ಬೇರೆ ಎತ್ತಿಟ್ಟರು. ಗಂಜಿ ಇಳಿಸಿದ ಮೇಲೆ ಹೋಗಿ ಅವನ್ನು ಕಲ್ಲಿನ ಪಕ್ಕದಲ್ಲಿ ನೆಟ್ಟರು. ಮಸೀದಿಯಲ್ಲಿ ಬಾಂಗು ಕೂಗುವ ಹೊತ್ತಾಗಿತ್ತು. ರಶೀದ್ ಸಾಬರು ಚೊಂಬು ಹಿಡಿದು ಬಂದು ಕೂತರು. ನೀರು ಹೆಂಚಿನ ಮೇಲೆ ಹರಿದು ಆ ನಾಲ್ಕು ಕಡ್ಡಿಗಳ ಬುಡಕ್ಕೆ ಹೋಯಿತು.

ನಮ್ಮ ವರದಿಯ ಹಾಳೆಯಲ್ಲಿ ಹೊರಗಿನಿಂದ ತಂದ ಸೊಪ್ಪು ಎಷ್ಟು ಎಂದು ಒಂದು ಸಾಲು ಇತ್ತು. ನಾನು ನಿಜವನ್ನೇ ಬರೆದೆ: ನಾಲ್ಕು ಕಟ್ಟು, ಮಗ ತಂದದ್ದು. ಶಿವಸ್ವಾಮಿ ಸಾರ್ ಓದಿ, ಅದರ ಪಕ್ಕ ಒಂದು ಟಿಕ್ ಹಾಕಿದರು.

ಕೆಲಸ ಬಿಡುವ ಮುಂಚೆ ಕೊನೆಯ ಸಲ ಆ ಮನೆಗೆ ಹೋಗಿದ್ದೆ. ಹಾಸಿಗೆಗಳಿಗೆ ನಯಾಜ್ ಬೇರೆ ಕಡೆ ಜಾಗ ಹಿಡಿದಿದ್ದ. ಬಾಳೆ ಗೊನೆ ಹಾಕಿತ್ತು. ಮರಳು ಮಾತ್ರ ಗೇಟಿನ ಪಕ್ಕ ಹಾಗೇ ಬಿದ್ದಿತ್ತು. ವಾಪಸು ಕಳಿಸುವುದು ಯಾರಿಗೂ ನೆನಪಾಗಿರಲಿಲ್ಲ. ಖಮರಮ್ಮ ಅದಕ್ಕೆ ಒಂದಿಷ್ಟು ಗೊಬ್ಬರ ಬೆರೆಸಿ ಗೆಣಸಿನ ಬಳ್ಳಿ ಹಬ್ಬಿಸಿದ್ದರು. ಮರಳು ಕಾಣದಷ್ಟು ಎಲೆ.

ನಯಾಜ್ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಸ್ಕೂಟರ್ ತೆಗೆಯುತ್ತಾ ತಾಯಿಗೆ ಕೂಗಿ ಹೇಳಿದ: "ಅಮ್ಮಾ, ಗೆಣಸು ಅಗೆದ ಮೇಲೆ ಎರಡು ಬಾಂಡ್ಲಿ ಮರಳು ಕೊಡಮ್ಮ. ಅಂಗಡಿ ಮೆಟ್ಟಿಲು ಒಡೆದಿದೆ."

"ನೋಡ್ತೀನಿ" ಅಂದರು ಒಳಗಿನಿಂದ ಖಮರಮ್ಮ.